ಸೋಪು, ಕ್ರೀಮು ಮತ್ತು ಬೆಂಚಿನ ಮೇಲಿನ ಗಂಡಸರು

ಸಲೂನ್ ಕೆಲಸಕ್ಕೆ ಹೊಸದಾಗಿ ಇಳಿದಿರುವ ಹುಡುಗರು ಪೇಟೆಯಲ್ಲಿ ನಾನು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ನಂಜಪ್ಪಣ್ಣ, ಶೇವಿಂಗಿಗೆ ಸೋಪು ಒಳ್ಳೇದಾ, ಕ್ರೀಮಾ?" ಕತ್ತಿ ಹಿಡಿಯುವುದು ಹೇಗೆಂದು ಒಬ್ಬನೂ ಕೇಳುವುದಿಲ್ಲ. ಗಂಟಲಿನ ಮೇಲೆ ಕೂದಲು ಯಾವ ಕಡೆಗೆ ತಿರುಗಿರುತ್ತದೆ ಎಂದೂ ಕೇಳುವುದಿಲ್ಲ. ಅದನ್ನೆಲ್ಲ ಫೋನಿನಲ್ಲಿ ನೋಡಿ ಕಲಿತಾಗಿದೆಯಂತೆ. ಒಮ್ಮೆ ಆ ಫೋನಿನ ಗುರುವನ್ನು ನನಗೂ ತೋರಿಸಿದರು. ಎದೆಯವರೆಗೆ ಗಡ್ಡ ಬಿಟ್ಟುಕೊಂಡ ಮನುಷ್ಯ ಶೇವಿಂಗ್ ಪಾಠ ಹೇಳುತ್ತಿದ್ದ! ಇಂಥವನ ಶಿಷ್ಯರ ಕೈಗೆ ನಮ್ಮೂರು ಮೂರ್ನಾಡಿನ ಎಷ್ಟೋ ಕೆನ್ನೆಗಳನ್ನು ಒಪ್ಪಿಸಿ ನಾನು ಕೈಕಟ್ಟಿ ಕುಳಿತಿದ್ದೇನೆ.

ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಕುರ್ಚಿಯ ಸಲೂನ್ ನನ್ನದು. ಬಲಗೈಯ ಮಣಿಕಟ್ಟು ನಡುಗಲು ಶುರುವಾದ ಮೇಲೆ ಕತ್ತಿ ಕೆಳಗಿಟ್ಟೆ. ನಡುಗುವ ಕೈಯಲ್ಲಿ ಚಹಾ ಕುಡಿಯಬಹುದು, ಇಸ್ಪೀಟು ಆಡಬಹುದು, ಬೇರೊಬ್ಬರ ಗಂಟಲು ಮುಟ್ಟಬಾರದು. ಸೋಪು ಕ್ರೀಮಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ಆದರೆ ಅದು ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಓದುವ ತಾಳ್ಮೆ ಇಲ್ಲದವರು ಇಲ್ಲೇ ನಿಲ್ಲಿಸಬಹುದು. ನೀರು ಕಾಯುವವರೆಗೆ ಕಾಯಲಾರದವರು ಈ ಕಸುಬಿಗೆ ಬರುವುದೂ ಬೇಡ.

ನಾನು ಶನಿವಾರಸಂತೆ ಕಡೆಯವನು. ಕೆಲಸ ಕಲಿತದ್ದು ಮಡಿಕೇರಿಯಲ್ಲಿ, ಗೋವಿಂದಣ್ಣ ಎಂಬ ಯಜಮಾನರ ಕೈಕೆಳಗೆ. ಅವರು ಕಣ್ಣೂರಿನ ಕಡೆಯಿಂದ ಬಂದವರು. ಅರ್ಧ ಕನ್ನಡ, ಅರ್ಧ ಮಲಯಾಳ, ಸಿಟ್ಟು ಮಾತ್ರ ಪೂರ್ತಿ. ಬಹಳ ದಿನ ನನಗೆ ಕತ್ತಿ ಮುಟ್ಟಲು ಬಿಡಲಿಲ್ಲ. ಹಿತ್ತಾಳೆಯ ಬಟ್ಟಲಿನಲ್ಲಿ ದುಂಡನೆಯ ಸೋಪು, ಬಿಸಿನೀರಿನಲ್ಲಿ ನೆನೆದ ಬ್ರಷ್ಷು, ಇಷ್ಟನ್ನು ಕೊಟ್ಟು ನನ್ನದೇ ಮೊಣಕಾಲಿನ ಮೇಲೆ ನೊರೆ ಬರಿಸಲು ಹೇಳುತ್ತಿದ್ದರು. ನೀರು ಹೆಚ್ಚಾದರೆ ತಲೆಗೊಂದು ಮೊಟಕು.

"ಎಂತದಾ ಇದು? ನೊರೆಯಾ, ಅಕ್ಕಿ ತೊಳೆದ ನೀರಾ?"

ನೀರು ಕಡಿಮೆಯಾದರೆ ಇನ್ನೊಂದು ಮೊಟಕು. ನೊರೆ ಎಂದರೆ ಮೊಸರಿನ ಕೆನೆಯ ಹಾಗೆ ಕೂರಬೇಕು, ಬ್ರಷ್ಷು ಎತ್ತಿದರೆ ತುದಿ ಬಾಗಿ ನಿಲ್ಲಬೇಕು ಎನ್ನುವುದು ಅವರ ಲೆಕ್ಕ. ಸೋಪಿನ ಗುಟ್ಟು ಸೋಪಿನಲ್ಲಿಲ್ಲ, ನೀರಿನ ಬಿಸಿಯಲ್ಲಿ ಮತ್ತು ಮಣಿಕಟ್ಟಿನಲ್ಲಿದೆ ಎಂದು ನನಗೆ ತಿಳಿಯುವ ಹೊತ್ತಿಗೆ ಮೊಣಕಾಲಿನ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ.

ಅವರಿಗೆ ಒಂದೇ ಸರ್ಟಿಫಿಕೇಟಿನಲ್ಲಿ ನಂಬಿಕೆ. ಗಿರಾಕಿ ಕುರ್ಚಿಯಲ್ಲಿ ನಿದ್ದೆ ಹೋಗಬೇಕು. "ಹೊಗಳುವವನು ಸುಳ್ಳು ಹೇಳ್ತಾನೆ. ಗೊರಕೆ ಹೊಡೆಯುವವನು ಹೇಳೂದಿಲ್ಲ," ಎನ್ನುತ್ತಿದ್ದರು. ಗಂಟಲ ಮೇಲೆ ಕತ್ತಿ ಇರುವಾಗ ಒಬ್ಬ ಮನುಷ್ಯ ನಿದ್ದೆ ಹೋದನೆಂದರೆ ಅವನು ನಿನ್ನನ್ನು ತನ್ನ ಹೆಂಡತಿಗಿಂತ ಹೆಚ್ಚು ನಂಬಿದ್ದಾನೆ ಎಂದು ಅರ್ಥವಂತೆ. ಅವರ ಕುರ್ಚಿಯಲ್ಲಿ ವಕೀಲರು ಮಲಗುತ್ತಿದ್ದರು, ಪೊಲೀಸರು ಮಲಗುತ್ತಿದ್ದರು. ನನ್ನ ಕುರ್ಚಿಯಲ್ಲಿ ಮೊದಲ ಸಲ ಒಬ್ಬರು ಗೊರಕೆ ಹೊಡೆದ ದಿನ ನಾನು ಬೀಡಿ ಸೇದಲು ಹೊರಗೆ ಹೋದವನ ಹಾಗೆ ನಟಿಸಿ ಹಿಂದಿನ ಗೋಡೆಗೆ ಒರಗಿ ನಿಂತು ನಕ್ಕಿದ್ದೆ.

ಕ್ರೀಮು ಬಂದದ್ದು ಆಮೇಲೆ. ಟೈ ಕಟ್ಟಿದ ಒಬ್ಬ ಏಜೆಂಟ್ ಚೀಲ ಬಿಚ್ಚಿ ಟ್ಯೂಬುಗಳನ್ನು ಸಾಲಾಗಿ ಇಟ್ಟ. ಗೋವಿಂದಣ್ಣ ಒಂದನ್ನು ಒತ್ತಿ, ಮೂಸಿ, ಬೆರಳಲ್ಲಿ ಉಜ್ಜಿ, ಕೊನೆಗೆ ತೀರ್ಪು ಕೊಟ್ಟರು: "ಇದು ಮಾತಾಡುವ ಕ್ಷೌರಿಕರಿಗೆ ಮಾಡಿದ್ದು." ಏಜೆಂಟನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಸೋಪಿನ ನೊರೆ ಬೇಗ ಒಣಗುತ್ತದೆ. ಅರ್ಧ ಕೆನ್ನೆ ಮಾಡಿ ಪಂಚಾಯತಿ ರಾಜಕೀಯ ಮಾತಾಡಲು ನಿಂತರೆ ಇನ್ನರ್ಧ ಕೆನ್ನೆ ಸುಣ್ಣ ಬಳಿದ ಗೋಡೆಯಾಗಿರುತ್ತದೆ. ಕ್ರೀಮು ಹಾಗಲ್ಲ. ನೀವು ಮಾತು ಮುಗಿಸಿ, ಚಹಾ ಕುಡಿದು, ರಸ್ತೆಯಲ್ಲಿ ಹೋಗುವವರ ಕ್ಷೇಮ ವಿಚಾರಿಸಿ ಬಂದರೂ ಹಸಿಯಾಗಿಯೇ ಕಾಯುತ್ತದೆ. ಈಗ ಹೇಳಿ, ಇಂದಿನ ಸಲೂನುಗಳಲ್ಲಿ ಕ್ರೀಮು ಏಕೆ ಗೆದ್ದಿತು? ಒಂದು ಕಿವಿಯಲ್ಲಿ ಫೋನು ಸಿಕ್ಕಿಸಿಕೊಂಡು ಯಾರ ಜೊತೆಯೋ ಜಗಳವಾಡುತ್ತ ಗಡ್ಡ ಹೆರೆಯುವವರಿಗೆ ಸೋಪು ಒಗ್ಗುವುದಾದರೂ ಹೇಗೆ?

ನ್ಯಾಯ ಹೇಳಬೇಕಾದರೆ ಸೋಪಿಗೂ ಮೂರ್ನಾಡಿನಲ್ಲಿ ಒಬ್ಬ ಶತ್ರು ಇದ್ದಾನೆ, ನಮ್ಮ ಕಕ್ಕಡದ, ಎಂದರೆ ಆಷಾಢದ, ಮಳೆ. ಆ ತಿಂಗಳು ಬಟ್ಟಲಿನ ಸೋಪು ಗಂಜಿಯಾಗುತ್ತದೆ, ಬ್ರಷ್ಷು ಒಣಗುವುದೇ ಇಲ್ಲ, ಎರಡು ದಿನ ಅಂಗಡಿ ಮುಚ್ಚಿದರೆ ಹಸಿರು ಬೂಷ್ಟು. ಎಲ್ಲರ ಮುಖಕ್ಕೂ ಒಂದೇ ಬಟ್ಟಲಿನ ಸೋಪು ಹಾಕುವ ಪದ್ಧತಿಯೂ ಆಮೇಲೆ ಹೋಯಿತು, ಹೋಗಬೇಕಾದದ್ದೇ. ಮಸೆಯುವ ಕತ್ತಿ ಹೋಗಿ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಬಂತು. ಅದಕ್ಕೆ ನಾನು ತಕರಾರು ಮಾಡಿದವನಲ್ಲ. ನನ್ನ ತಕರಾರು ಸ್ಪ್ರೇ ಡಬ್ಬಿಯ ಬಗ್ಗೆ. ಒತ್ತಿದರೆ ಬುಸ್ಸೆಂದು ಬರುವ ಆ ನೊರೆ ಮುಖದ ಮೇಲೆ ನೆಂಟರ ಹಾಗೆ ಕೂರುತ್ತದೆ. ಕೆಲಸ ಏನೂ ಮಾಡುವುದಿಲ್ಲ, ಜಾಗ ಮಾತ್ರ ತುಂಬುತ್ತದೆ.

ಗಿರಾಕಿಗಳ ತಿಳಿವಳಿಕೆಯ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಮನೆಗೊಬ್ಬರು ಮಿಲಿಟರಿಯಲ್ಲಿರುವುದರಿಂದ ಅವರ ಕ್ಯಾಂಟೀನಿನಲ್ಲಿ ಅಗ್ಗಕ್ಕೆ ಸಿಗುವ ಸಾಮಾನು ಎಂದರೆ ದೇವರ ಪ್ರಸಾದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸೋಮಯ್ಯ ಮಿಲಿಟರಿಗೆ ಹೋದವನಲ್ಲ, ಅವನ ಭಾವ ಹೋದವರು. ಆದರೂ ಕ್ಯಾಂಟೀನಿನ ಗರ್ವವೆಲ್ಲ ಸೋಮಯ್ಯನದೇ. ಒಂದು ದಿನ ಕುರ್ಚಿಯಲ್ಲಿ ಕುಳಿತವನು ಜೇಬಿನಿಂದ ಒಂದು ಟ್ಯೂಬು ತೆಗೆದು ನನ್ನ ಕೈಗಿಟ್ಟ.

"ನಿನ್ನ ಸೋಪು ಬೇಡ ಮಾರಾಯ. ಇದು ಹಾಕು. ಭಾವ ತಂದದ್ದು. ಕ್ಯಾಂಟೀನ್ ಮಾಲು."

ಬ್ರಷ್ಷಿಗೆ ಹಾಕಿ ತಿರುಗಿಸಿದೆ, ತಿರುಗಿಸಿದೆ, ನೊರೆ ಬರಲಿಲ್ಲ. ವಾಸನೆ ಮೂಗಿಗೆ ಹೊಡೆಯಿತು.

"ಸೋಮಯ್ಯ, ಇದು ಯಾಕೋ ಬೇರೆ ಥರ ಇದೆ. ಕನ್ನಡಕ ಹಾಕಿ ಒಂದ್ಸಲ ಓದಿ ನೋಡಿ."

"ನಿಂಗೆ ಎಂಥ ಗೊತ್ತು? ಒಳ್ಳೇ ಕ್ರೀಮಿಗೆ ನೊರೆ ಬರೂದಿಲ್ಲ. ಹಚ್ಚು."

ಗಿರಾಕಿ ಹೇಳಿದ ಮೇಲೆ ಮುಗಿಯಿತು. ಹಚ್ಚಿದೆ. ಸ್ವಲ್ಪ ಹೊತ್ತಿಗೆ ಅವನ ಕಣ್ಣಲ್ಲಿ ನೀರು ಸುರಿಯಲು ಶುರುವಾಯಿತು. ಕೆನ್ನೆ ಕೆಂಪಗೆ ಕಾದ ಹಂಚು. "ತೊಳೆದುಬಿಡ್ಲಾ?" ಎಂದೆ. "ಬೇಡ, ತಂಪಾಗಿ ಉಂಟು," ಎಂದು ಹಲ್ಲು ಕಚ್ಚಿ ಹೇಳಿದ. ಬೆಂಚಿನಲ್ಲಿ ಕುಳಿತಿದ್ದವರೊಬ್ಬರು ಟ್ಯೂಬು ತೆಗೆದುಕೊಂಡು ಗಟ್ಟಿಯಾಗಿ ಓದಿದರು. ಮಂಡಿನೋವಿನ ಮುಲಾಮು! ಆಗಲೂ ಸೋಮಯ್ಯ ಒಪ್ಪಲಿಲ್ಲ. ಮುಖದ ನರಗಳಿಗೂ ಅದು ಒಳ್ಳೆಯದೆಂದು ವಾದಿಸುತ್ತಲೇ ತಲೆಯನ್ನು ನಲ್ಲಿಯ ಕೆಳಗೆ ಹಿಡಿದ. ನೆನಪಿಡಿ ಈ ಸೋಮಯ್ಯನನ್ನು, ಮುಂದೆ ಮತ್ತೆ ಬರುತ್ತಾನೆ.

ಇದಕ್ಕೆ ತದ್ವಿರುದ್ಧ ಸುಬೇದಾರ್ ಚಂಗಪ್ಪನವರು. ಅವರು ನಿಜವಾಗಿ ಮಿಲಿಟರಿಯಲ್ಲಿ ಇದ್ದವರು, ಆದ್ದರಿಂದ ಅದರ ಬಗ್ಗೆ ಮಾತಾಡುವುದಿಲ್ಲ. ಶನಿವಾರ ಬೆಳಗ್ಗೆ ಜೀಪು ನಿಲ್ಲಿಸಿ ಬಂದು ಕೂರುವರು. ಸೋಪು, ಬಿಸಿನೀರು, ಪಟಿಕದ ಕಲ್ಲು, ಇಷ್ಟೇ. ಕ್ರೀಮು ಕಂಡರೆ ಆಗದು. ಯಾರಾದರೂ ಅವರ ಎದುರಿಗೆ ಕ್ರೀಮು ಹಚ್ಚಿಸಿಕೊಂಡರೆ, "ಅದು ಹಲ್ಲುಜ್ಜಲಿಕ್ಕೆ ಅಲ್ಲವಾ?" ಎಂದು ಕೇಳಿ ಪೇಪರ್ ಓದಲು ಶುರುಮಾಡುವರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷದಲ್ಲಿ ಸುಬೇದಾರರನ್ನೂ ಸೋಮಯ್ಯನ ಆ ಒಂದು ದಿನವನ್ನೂ ಬಿಟ್ಟರೆ ಒಬ್ಬ ಗಿರಾಕಿಯೂ ಮುಖಕ್ಕೆ ಏನು ಹಚ್ಚುತ್ತಿ ಎಂದು ಗಂಭೀರವಾಗಿ ಕೇಳಿದವನಲ್ಲ. ಕೂರುತ್ತಿದ್ದರು, ತಲೆ ಹಿಂದಕ್ಕೆ ಹಾಕುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು. ಈ ಊರಿನ ಗಂಡಸರೆಲ್ಲ ಒಂದೇ ವಾರದಲ್ಲಿ ನೊರೆಯ ಪಂಡಿತರಾದದ್ದು ನನ್ನ ಮಗಳು ಗೌರಿ ಬ್ರಷ್ಷು ಹಿಡಿದಾಗ.

ಗೌರಿ ಚಿಕ್ಕಂದಿನಿಂದ ನನ್ನ ಮುಖಕ್ಕೆ ನೊರೆ ಹಚ್ಚಿ ಆಡಿದವಳು. ಕತ್ತಿ ಕಲಿತದ್ದೂ ನನ್ನ ಕೆನ್ನೆಯ ಮೇಲೆಯೇ. ಮೈಸೂರಿನ ಒಂದು ಪಾರ್ಲರಿನಲ್ಲಿ ಕೆಲಸ ಮಾಡಿಕೊಂಡಿದ್ದಳು. ನನ್ನ ಕೈ ನಡುಗುವುದು ಕಂಡು, "ಅಂಗಡಿ ಯಾಕೆ ಮುಚ್ತೀಯಪ್ಪ, ನಾನು ನೋಡ್ಕೊಳ್ತೀನಿ," ಎಂದು ವಾಪಸ್ ಬಂದಳು. ಅವಳ ಕೈ ನನ್ನದಕ್ಕಿಂತ ಹಗುರ. ತಂದೆಯ ಮೋಹದಿಂದ ಹೇಳುತ್ತಿಲ್ಲ, ಅವಳ ಕತ್ತಿಯ ಕೆಳಗೆ ಮಲಗಿ ಎದ್ದವನಾಗಿ ಹೇಳುತ್ತಿದ್ದೇನೆ.

ಮೊದಲ ದಿನ ಬಂದವನು ಸೋಮಯ್ಯ. ಗೌರಿ ಸೋಪಿನ ಬಟ್ಟಲು ತೆಗೆದಳು. ಸೋಮಯ್ಯ ಕುರ್ಚಿಯ ಪಕ್ಕದಲ್ಲೇ ನಿಂತ.

"ಓ, ಸೋಪಾ? ನಂಗೆ ಸೋಪು ಆಗೂದಿಲ್ಲ ಮಗಳೇ. ಸ್ಕಿನ್ನು ಡ್ರೈ ಆಗ್ತದೆ. ಡಾಕ್ಟ್ರು ಬೇಡ ಹೇಳಿದ್ದಾರೆ. ಅಪ್ಪನ ಕೈ ಸರಿ ಆಗಲಿ, ಮತ್ತೆ ಬರ್ತೇನೆ."

ಮಂಡಿನೋವಿನ ಮುಲಾಮು ತಡೆದುಕೊಂಡ ಚರ್ಮಕ್ಕೆ ಸೋಪು ಆಗದಂತೆ! ಗೌರಿ ನಂಬಿದಳು. ಮಡಿಕೇರಿಗೆ ಹೋಗಿ ಒಳ್ಳೆಯ ಕ್ರೀಮು ತಂದಳು. ಮುಂದಿನ ಗಿರಾಕಿಗೆ ಕ್ರೀಮಿನಲ್ಲಿ ಏನೇನು ಕೆಮಿಕಲ್ ಇರುತ್ತದೋ ಎಂಬ ಭಯ, ಸೋಪೇ ಆಗಬೇಕು. ಸೋಪು ತೆಗೆದರೆ ಎಲ್ಲರ ಮುಖಕ್ಕೆ ಹಾಕಿದ್ದೇನೋ ಎಂಬ ಸಂಶಯ. ಹೊಸ ಸೋಪು ಬಿಚ್ಚಿದರೆ ಅದರ ವಾಸನೆಗೆ ತಲೆನೋವು. ಸೋಪೂ ಕ್ರೀಮೂ ಎರಡೂ ಇದೆ ಎಂದರೆ, "ಇವತ್ತು ಬೇಡ, ಗಡ್ಡ ಬಿಡುವ ಅಂತ ಇದ್ದೇನೆ." ಹಾಗೆ ಹೇಳಿದವನು ರಸ್ತೆ ದಾಟಿ ಎದುರಿನ ಸಲೂನಿಗೆ ನುಗ್ಗಿ, ಅಲ್ಲಿ ಸ್ನಾನದ ಸೋಪು ಉಜ್ಜಿದರೂ ತುಟಿಪಿಟಕ್ ಎನ್ನದೆ ಕೂರುತ್ತಿದ್ದ. ನಮ್ಮ ಕನ್ನಡಿಯಲ್ಲೇ ಅದೆಲ್ಲ ಕಾಣುತ್ತಿತ್ತು.

ಕೂದಲು ಕತ್ತರಿಸಿಕೊಳ್ಳಲು ಕೆಲವರು ಬಂದರು. ತಲೆ ಕೊಟ್ಟರು, ಗಂಟಲು ಕೊಡಲಿಲ್ಲ. ಕಾಡುಹಂದಿಯ ಎದುರು ಬರಿಗೈಯಲ್ಲಿ ನಿಂತ ಕತೆ ಹೇಳುವ ಶೂರರು ಒಂದು ಹೆಣ್ಣುಮಗಳ ಕೈಯಲ್ಲಿದ್ದ ಅರ್ಧ ಬ್ಲೇಡಿಗೆ ಹೆದರಿದರು. ಹೆದರಿಕೆಯೋ, ಬೇರೆಯವರು ನೋಡಿ ನಕ್ಕಾರೆಂಬ ನಾಚಿಕೆಯೋ, ದೇವರಿಗೇ ಗೊತ್ತು. ಅದನ್ನು ಬಾಯಿಬಿಟ್ಟು ಹೇಳುವ ಗಂಡಸುತನವೂ ಇರಲಿಲ್ಲ.

ಒಂದು ಸಂಜೆ ಅಂಗಡಿ ಗುಡಿಸುತ್ತ ಗೌರಿ ಹೇಳಿದಳು.

"ಅಪ್ಪ, ಇವರಿಗೆ ಆಗ್ದೇ ಇರೋದು ಸೋಪೂ ಅಲ್ಲ, ಕ್ರೀಮೂ ಅಲ್ಲ."

"ಗೊತ್ತು ಕಣವ್ವ."

"ಹೆಂಗಸು ಬೇಡ ಅಂತ ನೇರ ಹೇಳಿದ್ರೆ ಜಗಳ ಆಡಬಹುದಿತ್ತು. ಸೋಪಿನ ಮೇಲೆ ಏನಂತ ಜಗಳ ಆಡ್ಲಿ? ಕೈಲ್‌ಪೊದ್ದ್ ಹಬ್ಬದ ತನಕ ನೋಡ್ತೀನಿ. ಆಮೇಲೆ ಬೀಗ ಹಾಕಿ ಮೈಸೂರಿಗೆ ಹೋಗ್ತೀನಿ. ಅಲ್ಲಿ ಪಾರ್ಲರ್‌ನೋರು ಇನ್ನೂ ಕರೀತಾವ್ರೆ."

ನನಗೆ ಅಂಗಡಿ ಮುಚ್ಚುವ ದುಃಖ ಅಷ್ಟಿರಲಿಲ್ಲ. ಇಷ್ಟು ಒಳ್ಳೆಯ ಕೈಯನ್ನು ಇಂಥ ಹಸಿಸುಳ್ಳುಗಳು ಸೋಲಿಸುತ್ತಿವೆಯಲ್ಲ ಎಂಬ ಸಂಕಟ. ಅವರ ಮುಖಗಳನ್ನು ಒಂದೊಂದಾಗಿ ನಾನು ಬಲ್ಲೆ. ಯಾವ ಗಲ್ಲದಲ್ಲಿ ಕುಳಿ ಇದೆ, ಯಾರ ಕಿವಿಯ ಹಿಂದೆ ಮಚ್ಚೆ ಇದೆ, ಎಲ್ಲ ಗೊತ್ತು. ಮುಖದ ಒಳಗೆ ಏನಿದೆ ಎಂದು ಮಾತ್ರ ಅಷ್ಟು ವರ್ಷ ಗೊತ್ತಾಗಿರಲಿಲ್ಲ.

ಕೈಲ್‌ಪೊದ್ದ್ ಎಂದರೆ ಆಯುಧಗಳ ಹಬ್ಬ. ಮನೆಮನೆಯಲ್ಲಿ ಕೋವಿ, ಕತ್ತಿಗಳಿಗೆ ಪೂಜೆ. ಹಿಂದಿನ ದಿನ ಪೇಟೆಯಲ್ಲಿ ಜನ ಕಿಕ್ಕಿರಿದಿದ್ದರು. ಮಳೆಯೂ ಬಿಡಲಿಲ್ಲ. ಎದುರಿನ ಸಲೂನಿನಲ್ಲಿ ನಿಲ್ಲಲೂ ಜಾಗವಿಲ್ಲದೆ, ಅಲ್ಲಿ ಸರದಿ ಹಿಡಿದ ಗಂಡಸರು ನಮ್ಮ ಅಂಗಡಿಗೆ ಬಂದು ನಮ್ಮ ಬೆಂಚಿನ ಮೇಲೆ ಕುಳಿತರು. ನಮ್ಮ ಫ್ಯಾನು, ನಮ್ಮ ಪೇಪರು. ಎರಡು ಕುರ್ಚಿಯೂ ಖಾಲಿ. ಎದುರಿನಿಂದ ಕೂಗಿದಾಗ ಎದ್ದು ಹೋಗುವುದು. ನಾಚಿಕೆ ಎಂಬುದನ್ನು ಗಡ್ಡದ ಜೊತೆ ಬೋಳಿಸಿಕೊಂಡಿದ್ದರೋ ಏನೋ. ಅವರ ನಡುವೆ ಸೋಮಯ್ಯನೂ ಇದ್ದ. ನಾನು ಒಂದು ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದೆ. ಗೌರಿ ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸುತ್ತಿದ್ದಳು.

ಆಗ ಜೀಪು ನಿಂತಿತು. ಸುಬೇದಾರರು ಮಂಡಿಯ ಆಪರೇಷನ್ ಆಗಿ ಮಳೆಗಾಲವೆಲ್ಲ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದವರು, ಹಬ್ಬಕ್ಕೆಂದು ಅದೇ ತಾನೇ ಊರಿಗೆ ಬಂದಿದ್ದರು. ಇಲ್ಲಿಯ ಕತೆ ಏನೂ ಗೊತ್ತಿಲ್ಲ. ಕೋಲು ಊರಿಕೊಂಡು ಒಳಗೆ ಬಂದು ನನ್ನನ್ನು ನೋಡಿದರು.

"ಎಂಥ ನಂಜಪ್ಪ, ಮೂಲೆಯಲ್ಲಿ ಕೂತಿದ್ದಿ?"

"ಕೈ ಆಗಲ್ಲ ಸಾಹೇಬ್ರೆ. ಈಗ ಮಗಳೇ ಮಾಡ್ತಾಳೆ."

"ಹಾಂ," ಎಂದು ನೇರ ಹೋಗಿ ಕುರ್ಚಿಯಲ್ಲಿ ಕುಳಿತರು. ಬೆಂಚಿನ ಮೇಲೆ ಪೇಪರು ಮಗುಚುವ ಸದ್ದು ನಿಂತಿತು. ಗೌರಿ ಬಟ್ಟೆ ಹೊದಿಸಿದಳು. ಆ ವಾರವೆಲ್ಲ ಯಾರು ಏನೆನ್ನುತ್ತಾರೋ ಎಂದು ಹೆದರಿ ಟ್ಯೂಬನ್ನೇ ಮುಂದಿಟ್ಟುಕೊಂಡಿದ್ದಳು. ಅಭ್ಯಾಸಬಲದಿಂದ ಬ್ರಷ್ಷಿಗೆ ಕ್ರೀಮು ಒತ್ತಿದಳು. ಸುಬೇದಾರರು ಕನ್ನಡಿಯಲ್ಲಿ ಕಂಡರು.

"ಅದೆಂಥದು?"

"ಕ್ರೀಮು, ಸಾಹೇಬ್ರೆ."

"ತೆಗಿ."

ಬಟ್ಟೆಯನ್ನು ತಾವೇ ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ಕೋಲು ತೆಗೆದುಕೊಂಡು ಎದ್ದರು. ಗೌರಿ, "ಸೋಪು ಇದೆ, ತೆಗೀತೀನಿ," ಎನ್ನುವುದರೊಳಗೆ ಹೊರಗಿನ ಮಳೆಗೆ ಇಳಿದಾಗಿತ್ತು.

ಸೋಮಯ್ಯ ನನ್ನ ಕಡೆ ತಿರುಗಿ, ತುಂಬ ನೊಂದವನ ಹಾಗೆ ಮುಖ ಮಾಡಿ ಹೇಳಿದ, "ನೋಡು ನಂಜಪ್ಪ, ಸುಬೇದಾರ್ರಿಗೂ ಕ್ರೀಮು ಆಗೂದಿಲ್ಲ."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಗೌರಿ ನಲ್ಲಿ ತಿರುಗಿಸಿ ಬ್ರಷ್ಷು ತೊಳೆದಳು. ಕತ್ತಿಯಿಂದ ಬ್ಲೇಡು ತೆಗೆದಳು. ಪಟಿಕದ ಕಲ್ಲನ್ನು ಒರೆಸಿ ಪೆಟ್ಟಿಗೆಯೊಳಗೆ ಇಟ್ಟಳು. ಬಾಚಣಿಗೆಗಳನ್ನೂ ಇಟ್ಟಳು. ಅವಳು ಕಟ್ಟಿಡುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಎದ್ದು ಹೋಗಿ ಆ ಬೆಂಚನ್ನು ಗಂಡಸರ ಸಮೇತ ರಸ್ತೆಗೆ ಎಳೆದು ಹಾಕಬೇಕೆನಿಸಿತು. ಸ್ಟೂಲಿನಿಂದ ಅರ್ಧ ಎದ್ದೂ ಬಿಟ್ಟಿದ್ದೆ.

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಸುಬೇದಾರರು! ತಲೆಯಿಂದ ನೀರು ಇಳಿಯುತ್ತಿತ್ತು. ಕೈಯಲ್ಲಿ ಒಂದು ಹಳೆಯ ಸ್ಟೀಲ್ ಡಬ್ಬಿ.

"ಜೀಪಿನಲ್ಲಿ ಪೆಟ್ಟಿಗೆಯ ಅಡಿಯಲ್ಲಿ ಸೇರಿಕೊಂಡಿತ್ತು, ದರಿದ್ರದ್ದು," ಎಂದು ಗೌರಿಯ ಅಂಗೈಗೆ ಡಬ್ಬಿ ಇಟ್ಟರು. ಒಳಗೆ ಮೈಸೂರಿಗೆ ಒಯ್ದಿದ್ದ ಅವರದೇ ಸೋಪು, ಸವೆದು ಅರ್ಧವಾದದ್ದು. "ಇದು ಹಾಕು. ಬಿಸಿನೀರು ಉಂಟಲ್ಲ? ನಿನ್ನ ಅಪ್ಪ ನಿಂಗೆ ಇಷ್ಟೂ ಹೇಳಿ ಕೊಡಲಿಲ್ಲವಾ? ಕ್ರೀಮಂತೆ ಕ್ರೀಮು!"

ಮತ್ತೆ ಕುರ್ಚಿಯಲ್ಲಿ ಕುಳಿತರು. ತಲೆ ಹಿಂದಕ್ಕೆ ಹಾಕಿ ಗಂಟಲು ಎತ್ತಿಕೊಟ್ಟರು.

ಗೌರಿ ಪೆಟ್ಟಿಗೆಯಿಂದ ಪಟಿಕದ ಕಲ್ಲನ್ನು ಮತ್ತೆ ಹೊರಗೆ ತೆಗೆದಳು. ಆಮೇಲೆ ಕೆಟ್ಲಿನ ಸ್ವಿಚ್ಚು ಒತ್ತಿದಳು.

ಹಳೆಯ ಸೋಪು ಒಣಗಿ ಕಲ್ಲಾಗಿತ್ತು. ಅವಳು ಅದರ ಮೇಲೆ ಬಿಸಿನೀರು ಬಿಟ್ಟು ಕಾದಳು. ಸುಬೇದಾರರು ಕಣ್ಣು ಮುಚ್ಚಿಕೊಂಡೇ, "ತಿರುಗಿಸು, ತಿರುಗಿಸು," ಎಂದರು.

"ಸೋಪು ನೀರು ಕುಡೀಬೇಕು ಸಾಹೇಬ್ರೆ. ಒಂಚೂರು ಸುಮ್ನಿರಿ."

ಸುಬೇದಾರ್ ಚಂಗಪ್ಪನವರಿಗೆ ಸುಮ್ಮನಿರಲು ಹೇಳಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವರು ಸುಮ್ಮನಾದರು. ನೊರೆ ಎದ್ದಿತು, ಗೋವಿಂದಣ್ಣ ಇದ್ದಿದ್ದರೆ ಮೊಟಕಲು ಕಾರಣ ಸಿಗದಂಥ ನೊರೆ. ಹೊಸ ಬ್ಲೇಡು ಸಿಕ್ಕಿಸಿ ಅವಳು ಬಲಗೆನ್ನೆಯಿಂದ ಶುರುಮಾಡಿದಳು. ಒಂದು ಮಾತಿಲ್ಲ. ಗಲ್ಲ ದಾಟಿ ಕತ್ತಿ ಗಂಟಲಿಗೆ ಬಂದಾಗ ಸುಬೇದಾರರ ಬಾಯಿ ತುಸು ತೆರೆಯಿತು. ಆಮೇಲೆ ಸಣ್ಣಗೆ, ನಿಧಾನವಾಗಿ, ಗೊರಕೆ.

ನನ್ನ ಕಣ್ಣು ತುಂಬಿತು. ಬೆಂಚಿನ ಮೇಲಿದ್ದವರೆಲ್ಲ ಅದನ್ನು ಕೇಳಿಸಿಕೊಳ್ಳಲೇಬೇಕಾಯಿತು. ಎದುರಿನ ಸಲೂನಿನಿಂದ ಯಾರದೋ ಹೆಸರು ಕೂಗಿದರು. ಯಾರೂ ಏಳಲಿಲ್ಲ.

ಸುಬೇದಾರರು ನನ್ನ ಮಗಳಿಗೆ ಉಪಕಾರ ಮಾಡಬೇಕೆಂದು ಬಂದವರಲ್ಲ. ಕುರ್ಚಿಯ ಹಿಂದೆ ಹೆಂಗಸು ನಿಂತದ್ದನ್ನು ಅವರು ಒಂದು ವಿಷಯವೆಂದೇ ಎಣಿಸಿರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಕ್ರೀಮು ಮಾತ್ರ. ನನ್ನ ಅಂಗಡಿಯಲ್ಲಿ ಕ್ರೀಮನ್ನು ಕ್ರೀಮೆಂಬ ಕಾರಣಕ್ಕೇ ಬೇಡ ಎಂದವರು ಅವರೊಬ್ಬರೇ.

ಪಟಿಕ ಉಜ್ಜಿಸಿಕೊಂಡು, ಕೆನ್ನೆ ಸವರಿ ನೋಡಿ, ಡಬ್ಬಿಯನ್ನು ಕನ್ನಡಿಯ ಮುಂದೆ ಬಿಟ್ಟು ಎದ್ದರು. "ಇಲ್ಲೇ ಇರಲಿ. ಶನಿವಾರ ಬರ್ತೇನೆ." ಜೀಪು ಹೋಯಿತು.

ಗೌರಿ ಬಟ್ಟೆ ಕೊಡವಿ ಬೆಂಚಿನ ಕಡೆ ತಿರುಗಿದಳು.

"ಬನ್ನಿ ಸೋಮಯ್ಯಣ್ಣ. ನಿಮ್ಗೆ ಯಾವ್ದು? ಸೋಪಾ, ಕ್ರೀಮಾ?" ಆಮೇಲೆ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, "ಮುಲಾಮು ಬೇಕಂದ್ರೆ ಅಂಗಡಿಯಿಂದ ತರಿಸ್ತೀನಿ."

ಇಡೀ ಬೆಂಚು ನಕ್ಕಿತು. ಎದ್ದು ಹೋದರೆ ಊರಿಗೆಲ್ಲ ಕತೆಯಾಗುತ್ತದೆ ಎಂದು ಸೋಮಯ್ಯನಿಗೆ ಗೊತ್ತಿತ್ತು. ಸೋಪು ಆಗದ ಚರ್ಮ, ಡಾಕ್ಟರ ಮಾತು, ಎಲ್ಲ ಎಲ್ಲಿಗೆ ಹೋದವೋ. ಬಂದು ಕುಳಿತ, ಕುರ್ಚಿಯ ಕೈಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಯಾವುದಾದರೂ ಆಗ್ತದೆ ಮಗಳೇ," ಎಂದ.

ಹುಡುಗರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ ಅದೇ. ಸೋಮಯ್ಯನ ಬಾಯಿಂದ ಬಂದ ಒಂದೇ ಒಂದು ಸತ್ಯ. ಕಕ್ಕಡದಲ್ಲಿ ಕ್ರೀಮು ಇಟ್ಟುಕೊಳ್ಳಿ, ಚಳಿಯಲ್ಲಿ ಬಿಸಿನೀರು ತಪ್ಪಿಸಬೇಡಿ, ಸ್ಪ್ರೇ ಡಬ್ಬಿ ಕಸದ ಬುಟ್ಟಿಗೆ ಹಾಕಿ, ಫೋನು ಜೇಬಿನಲ್ಲಿಡಿ. ಉಳಿದದ್ದೆಲ್ಲ ಯಾವುದಾದರೂ ಆಗುತ್ತದೆ.

ಆ ಹಬ್ಬದ ನಂತರ ಎಲ್ಲರೂ ಬಂದುಬಿಟ್ಟರು ಎಂದುಕೊಳ್ಳಬೇಡಿ. ಕೆಲವರು ಇಂದಿಗೂ ರಸ್ತೆ ದಾಟಿಯೇ ಹೋಗುತ್ತಾರೆ, ನಮ್ಮ ಅಂಗಡಿಯ ಮುಂದೆ ಬರುವಾಗ ಗಡ್ಡ ಮುಚ್ಚಿಕೊಳ್ಳುತ್ತಾರೆ. ಹೋಗಲಿ, ಸ್ನಾನದ ಸೋಪು ಉಜ್ಜಿಸಿಕೊಳ್ಳಲಿ. ಅಂಗಡಿಗೆ ಬೀಗ ಬೀಳಲಿಲ್ಲ. ಸುಬೇದಾರರ ಡಬ್ಬಿ ಕನ್ನಡಿಯ ಮುಂದೆ ಇದೆ, ಬೇರೆಯವರು ಮುಟ್ಟುವ ಹಾಗಿಲ್ಲ.

ನನಗೂ ಈಗ ಗೌರಿಯೇ ಮಾಡುವುದು. ಕೇಳುವುದೂ ಇಲ್ಲ, ನೇರ ಕ್ರೀಮು ಒತ್ತುತ್ತಾಳೆ. ಜನ್ಮವಿಡೀ ಸೋಪು ಹಿಡಿದವನಿಗೆ ಕ್ರೀಮು ಹಾಕಲು ನಾಚಿಕೆಯಾಗುವುದಿಲ್ಲವೇ ಎಂದು ಬೈಯಲು ಶುರುಮಾಡುತ್ತೇನೆ. ಕತ್ತಿ ಗಂಟಲಿಗೆ ಬರುವ ಹೊತ್ತಿಗೆ ಬೈಗುಳ ಅರ್ಧಕ್ಕೇ ನಿಂತಿರುತ್ತದೆ. ಆಗ ನಾನು ಗೊರಕೆ ಹೊಡೆಯುತ್ತೇನೆಂದು ಬೆಂಚಿನ ಮೇಲಿರುವವರು ಹೇಳುತ್ತಾರೆ.